ಮೀನು ಹಿಡಿದವನು ಒಬ್ಬ, ಬೆಲೆ ಹೇಳುವವನು ಇನ್ನೊಬ್ಬ

ಬೆಳಗಿನ ಜಾವ ದೋಣಿ ದಡಕ್ಕೆ ಬರುತ್ತದೆ. ರಾತ್ರಿಯಿಡೀ ನಿದ್ದೆಗೆಟ್ಟವರು ಬಂಗುಡೆ ಬುಟ್ಟಿ ಇಳಿಸುತ್ತಾರೆ. ಅಲ್ಲಿಗೆ ಅವರ ಅಧಿಕಾರ ಮುಗಿಯಿತು. ಹರಾಜು ಕೂಗುವವನು ಬೇರೆ, ಕೊಳ್ಳುವವರು ಬೇರೆ. ಐದು ನಿಮಿಷದಲ್ಲಿ ಬೆಲೆ ತೀರ್ಮಾನ. ಹಿಡಿದವನು ಬದಿಯಲ್ಲಿ ನಿಂತು ಬೀಡಿ ಹಚ್ಚುತ್ತಾನೆ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಹುಟ್ಟಿ ಬೆಳೆದ ಗೆಳೆಯರಿಗೆ ಇದು ಹೊಸ ನೋಟವೇನಲ್ಲ. "ನಿನ್ನ ಮೀನಿಗೆ ನೀನೇ ಯಾಕೆ ಬೆಲೆ ಹೇಳಲ್ಲ?" ಅಂತ ಕೇಳಿ ನೋಡಿ. "ಅವನ ದುಡ್ಡಿದೆ ಮಾರಾಯ" ಅನ್ನುವ ಉತ್ತರ ಬರುತ್ತದೆ.

ಆ ಮೂರು ಪದದ ಉತ್ತರದ ಲೆಕ್ಕವನ್ನು ಇವತ್ತು ಬಿಡಿಸಿ ನೋಡೋಣ. ನಮ್ಮಲ್ಲಿ ಬ್ಯಾಂಕ್ ಕೌಂಟರಿನ ಹಿಂದೆ ಕೂರುವವರೂ ಇದ್ದೇವೆ. ಬಡ್ಡಿ ಎಲ್ಲಿ ಅಡಗಿ ಕೂತಿದೆ ಅಂತ ಹುಡುಕೋದು ನಮ್ಮ ಹೊಟ್ಟೆಪಾಡು.

ಒಂದು ದೋಣಿ ವರ್ಷಕ್ಕೆ 15 ಲಕ್ಷ ರೂಪಾಯಿ ಮೀನು ಮಾರುತ್ತದೆ ಅಂತ ಇಟ್ಟುಕೊಳ್ಳಿ. ಇದು ಲೆಕ್ಕಕ್ಕೆ ಹಿಡಿದ ಅಂಕಿ, ಯಾರದೇ ದೋಣಿಯದಲ್ಲ. ಎಂಜಿನ್ ಕೊಳ್ಳಲು ದೋಣಿಯ ಯಜಮಾನ ಹರಾಜುದಾರನಿಂದ 3 ಲಕ್ಷ ಮುಂಗಡ ತಗೊಂಡ. ಬಡ್ಡಿ ಇಲ್ಲ. ಕಾಗದ ಪತ್ರ ಇಲ್ಲ. ಆಧಾರ ಇಲ್ಲ. ಷರತ್ತು ಒಂದೇ: ಮೀನೆಲ್ಲ ಇವನ ಕೈಯಲ್ಲೇ ಹರಾಜಾಗಬೇಕು. ಕೇಳಲಿಕ್ಕೆ ಧರ್ಮಾತ್ಮನ ಹಾಗೇ ಕಾಣುತ್ತಾನೆ. ಆದರೆ ಸಾಲ ಇಲ್ಲದವನ ಹತ್ತಿರ 5 ಪರ್ಸೆಂಟ್ ಕಮಿಷನ್ ಹಿಡಿಯುವ ಕಡೆ ಸಾಲ ಇದ್ದವನ ಹತ್ತಿರ 10 ಪರ್ಸೆಂಟ್ ಹಿಡಿದರೆ, ಹೆಚ್ಚುವರಿ 5 ಪರ್ಸೆಂಟ್ ಅಂದರೆ ವರ್ಷಕ್ಕೆ 75,000 ರೂಪಾಯಿ. 3 ಲಕ್ಷದ ಮೇಲೆ ಅದು ವರ್ಷಕ್ಕೆ 25 ಪರ್ಸೆಂಟ್ ಬಡ್ಡಿ. ನಾಲ್ಕು ವರ್ಷದಲ್ಲಿ 3 ಲಕ್ಷ ಪೂರ್ತಿ ಅವನ ಕೈ ಸೇರಿತು, ಅಸಲು ಮಾತ್ರ ಒಂದು ರೂಪಾಯಿಯೂ ಇಳಿದಿಲ್ಲ. ಬ್ಯಾಂಕಿನ 12 ಪರ್ಸೆಂಟ್ ಸಾಲಕ್ಕೆ ಬೈಯುವ ನಮ್ಮ ಜನ ಈ 25 ಪರ್ಸೆಂಟಿಗೆ "ಪಾಪ, ಬಡ್ಡಿ ಇಲ್ಲದೆ ಕೊಟ್ಟ" ಅನ್ನುತ್ತಾರೆ.

ಇದಕ್ಕಿಂತ ಕೆಟ್ಟದು ಇನ್ನೊಂದಿದೆ, ಅದನ್ನು ಯಾರೂ ಮಾತಾಡಲ್ಲ. ಕಮಿಷನ್ ಕಡಿಯುವುದು ಒಟ್ಟು ಮಾರಾಟದ ಮೇಲೆ. ಆಮೇಲೆ ಡೀಸೆಲ್ಲು, ಸೀಮೆಎಣ್ಣೆ, ಐಸಿನ ಖರ್ಚು ಕಳೆದು, ಉಳಿದದ್ದನ್ನು ದೋಣಿಗೂ ಆಳುಗಳಿಗೂ ಪಾಲು ಹಾಕುತ್ತಾರೆ. ಆಳುಗಳ ಪಾಲು ಅರ್ಧ ಅಂದರೆ ಆ 75,000ದಲ್ಲಿ 37,500 ಹೋದದ್ದು ಆಳುಗಳ ಜೇಬಿನಿಂದ. ಸಾಲ ಮಾಡಿದವನು ಯಜಮಾನ, ಎಂಜಿನ್ ಯಜಮಾನನದು, ಬಡ್ಡಿ ಕಟ್ಟುತ್ತಿರುವವನು ಮಾತ್ರ ಬಲೆ ಎಳೆಯುವ ಹುಡುಗ. ಅವನಿಗದು ಗೊತ್ತೂ ಇಲ್ಲ.

ಹಾಗಾದರೆ ಬ್ಯಾಂಕಿಗೆ ಯಾಕೆ ಬರಲ್ಲ? ಬಂದರೆ ನಾವೇನು ಮಾಡುತ್ತೇವೆ ಅಂತಲೂ ಹೇಳಬೇಕಲ್ಲ. ಜಾಗದ ಪತ್ರ ಕೇಳುತ್ತೇವೆ, ಕಡಲ ದಂಡೆಯ ಎಷ್ಟೋ ಮನೆಗಳಿಗೆ ನೆಟ್ಟಗೆ ಪಟ್ಟಾ ಇರಲ್ಲ. ತಿಂಗಳ ತಿಂಗಳ ಕಂತು ಅನ್ನುತ್ತೇವೆ, ಸಮುದ್ರಕ್ಕೆ ತಿಂಗಳು ಅನ್ನುವುದೇ ಇಲ್ಲ. 90 ದಿನ ಕಂತು ತಪ್ಪಿದರೆ ಸಾಲ ಎನ್‌ಪಿಎ. ಮಳೆಗಾಲದಲ್ಲಿ ಟ್ರಾಲ್ ಬೋಟುಗಳಿಗೆ ಕೇರಳದಲ್ಲಿ 52 ದಿನ, ಗಡಿ ದಾಟಿದರೆ ಕರ್ನಾಟಕದಲ್ಲಿ 61 ದಿನ ನಿಷೇಧ. ಸಣ್ಣ ದೋಣಿಗೆ ನಿಷೇಧ ಇಲ್ಲದಿದ್ದರೂ ಅಲೆ ಬಿಡಬೇಕಲ್ಲ. ಹಾಗೆ ನೋಡಿದರೆ ಹರಾಜುದಾರ ನಮಗಿಂತ ಜಾಣ. ಅವನ ಕಂತು ಮೀನು ಬಂದ ದಿನ ಮಾತ್ರ ಬೀಳುತ್ತದೆ.

ಈ ಜಾಣತನವನ್ನೇ ಹರಾಜುದಾರನ ಕೈಯಿಂದ ಕಿತ್ತುಕೊಂಡವರು ತಿರುವನಂತಪುರ ಜಿಲ್ಲೆಯ ಮರಿಯನಾಡ್ ಎಂಬ ಹಳ್ಳಿಯ ಮೀನುಗಾರರು. 1970ರ ಹೊತ್ತಿಗೆ ಅಲ್ಲಿ ಮೀನುಗಾರರ ಸಹಕಾರಿ ಸಂಘ ಶುರುವಾಯಿತು. ಸರ್ಕಾರ ಬಲೆ ಹಂಚಲು ಕಟ್ಟಿದ ಸಂಘಗಳು ಕೇರಳದಲ್ಲಿ ಅದಕ್ಕೂ ಮೊದಲೇ ಬೇಕಾದಷ್ಟಿದ್ದವು. ಹೆಚ್ಚಿನವು ಕಾಗದದಲ್ಲಿ, ಇನ್ನು ಕೆಲವು ವ್ಯಾಪಾರಿಗಳ ಜೇಬಿನಲ್ಲಿ. ಮರಿಯನಾಡಿನವರು ಎರಡು ಕೆಲಸ ಬೇರೆ ಥರ ಮಾಡಿದರು. ಕಡಲಿಗೆ ಇಳಿಯುವವನಿಗೆ ಮಾತ್ರ ಸದಸ್ಯತ್ವ, ವ್ಯಾಪಾರಿಗೆ ಪ್ರವೇಶ ಇಲ್ಲ. ಮತ್ತು ದಡದ ಮೊದಲ ಮಾರಾಟವನ್ನೇ ಸಂಘ ಹಿಡಿದುಕೊಂಡಿತು. ಸಂಘದ ಗುಮಾಸ್ತ ಹರಾಜು ಕೂಗುತ್ತಾನೆ, ವ್ಯಾಪಾರಿಯಿಂದ ಹಣ ವಸೂಲು ಮಾಡುವ ತಲೆನೋವು ಸಂಘದ್ದು. ಸದಸ್ಯನ ಮಾರಾಟದಿಂದ ಒಂದು ಪಾಲು ಸಂಘದ ಖರ್ಚಿಗೆ, ಒಂದು ಪಾಲು ಅವನದೇ ಉಳಿತಾಯಕ್ಕೆ, ಒಂದು ಪಾಲು ಸಾಲದ ಅಸಲಿಗೆ. ಮೀನು ಜಾಸ್ತಿ ಬಂದ ದಿನ ಜಾಸ್ತಿ ಕಡಿತ, ಬರದ ದಿನ ಸೊನ್ನೆ. ಜಾನ್ ಕುರಿಯನ್ ಎಂಬ ಅರ್ಥಶಾಸ್ತ್ರಜ್ಞರು ಈ ಹಳ್ಳಿಯಲ್ಲೇ ಸಂಘದ ಕೆಲಸ ಮಾಡಿ, ಆಮೇಲೆ ಕೇರಳದ ಮೀನುಗಾರಿಕೆಯ ಬಗ್ಗೆ ಜೀವಮಾನವಿಡೀ ಬರೆದರು.

ಇಂಥ ಹಳ್ಳಿ ಸಂಘಗಳು ಸೇರಿ 1980ರಲ್ಲಿ ದಕ್ಷಿಣ ಭಾರತ ಮೀನುಗಾರರ ಸಂಘಗಳ ಒಕ್ಕೂಟ, ಎಲ್ಲರ ಬಾಯಲ್ಲಿ 'ಸಿಫ್ಸ್', ಆಯಿತು. ಪ್ಲೈವುಡ್ ದೋಣಿ ಕಟ್ಟುವ ಯಾರ್ಡು, ಔಟ್‌ಬೋರ್ಡ್ ಎಂಜಿನ್ ತರಿಸಿ ರಿಪೇರಿ ಮಾಡುವ ವರ್ಕ್‌ಶಾಪು, ಐಸ್ ಎಲ್ಲ ಅವರದೇ. 1984ರಲ್ಲಿ ಕೇರಳ ಸರ್ಕಾರ ಮತ್ಸ್ಯಫೆಡ್ ಕಟ್ಟಿತು. ನಮ್ಮ ಕಾಸರಗೋಡಿನ ಕರಾವಳಿಯ ಸಂಘಗಳು ಬಹುತೇಕ ಇದರ ಅಡಿಯಲ್ಲೇ ಬರುತ್ತವೆ. ಹರಾಜಿನ ಕಮಿಷನ್‌ಗೆ ಮಿತಿ ಹಾಕುವ ಕಾಯ್ದೆಯೂ ಕೇರಳದಲ್ಲಿ 2021ರಲ್ಲಿ ಬಂತು. ಕಾಯ್ದೆ ಬಂದರೆ ಕಮಿಷನ್ ಇಳಿಯುತ್ತದಾ? ಸಾಲ ಇದ್ದವನಿಗೆ ಇಳಿಯಲ್ಲ. ಕಮಿಷನ್ನು 10ರಿಂದ 5ಕ್ಕೆ ಇಳಿದು, ಬುಟ್ಟಿಯ ಬೆಲೆ 50 ರೂಪಾಯಿ ಕಮ್ಮಿ ಕೂಗಿದರೆ ಕಾಯ್ದೆ ಏನು ಮಾಡೀತು? ಸಾಲವನ್ನು ಬದಲಿಸದೆ ಹರಾಜನ್ನು ಬದಲಿಸಲು ಬರುವುದಿಲ್ಲ. ಮರಿಯನಾಡಿನವರು ಎರಡನ್ನೂ ಒಂದೇ ಕೌಂಟರಿಗೆ ತಂದರು, ಅದಕ್ಕೇ ನಿಂತಿತು.

ಇಲ್ಲಿಗೆ ನಿಲ್ಲಿಸಿದರೆ ಸಹಕಾರ ಸಪ್ತಾಹದ ಭಾಷಣ ಆಗುತ್ತದೆ. ಸಹಕಾರಿ ಸಂಘ ಇಷ್ಟನ್ನೇ ಮಾಡಿದರೆ ಸಮುದ್ರ ಇನ್ನೂ ಬೇಗ ಬರಿದಾಗುತ್ತದೆ. ಹೇಗೆ ಅಂತೀರಾ? ಅಗ್ಗದ ಸಾಲ ಸಿಕ್ಕಿತು, ಬೆಲೆ ಚೆನ್ನಾಗಿ ಬಂತು. ಆಗ ಒಬ್ಬ ಏನು ಮಾಡುತ್ತಾನೆ? ಇನ್ನೊಂದು ಎಂಜಿನ್ ಕೊಳ್ಳುತ್ತಾನೆ. ಪಕ್ಕದವನು ಸುಮ್ಮನಿರುತ್ತಾನಾ? ಕೇರಳದಲ್ಲಿ 80ರ ದಶಕದ ಆರಂಭದಲ್ಲಿ ಏಳೆಂಟು ಎಚ್‌ಪಿ ಎಂಜಿನ್ ದೊಡ್ಡ ಸುದ್ದಿ. ಆಮೇಲೆ ರಿಂಗ್ ಸೀನ್ ದೋಣಿಗಳಲ್ಲಿ 40 ಎಚ್‌ಪಿಯ ಎಂಜಿನ್‌ಗಳು ಒಂದಕ್ಕಿಂತ ಹೆಚ್ಚು ಕೂತವು. ಎಲ್ಲರ ಎಂಜಿನ್ ದೊಡ್ಡದಾದ ಮೇಲೆ ಯಾರೂ ಮುಂದೆ ಹೋಗಲಿಲ್ಲ, ಎಣ್ಣೆ ಖರ್ಚು ಮಾತ್ರ ಮುಂದೆ ಹೋಯಿತು. ಕೆನಡಾದ ಸ್ಕಾಟ್ ಗಾರ್ಡನ್ 1954ರಲ್ಲೇ ಒಂದು ಲೇಖನದಲ್ಲಿ ಇದನ್ನು ತೋರಿಸಿದ್ದರು: ಯಾರಿಗೂ ಸೇರದ ಮೀನಿಗೆ ಎಲ್ಲರೂ ಓಡಿದರೆ, ಲಾಭವೆಲ್ಲ ಓಟದ ಖರ್ಚಿಗೇ ಕರಗುವ ತನಕ ದೋಣಿಗಳು ಸೇರುತ್ತಲೇ ಹೋಗುತ್ತವೆ. ನಾನು ಬಿಟ್ಟ ಮೀನು ನಾಳೆ ದೊಡ್ಡದಾಗಿ ನನಗೇ ಸಿಗುತ್ತದೆ ಅನ್ನುವ ಭರವಸೆ ಇಲ್ಲದಿದ್ದರೆ ಯಾರೂ ಬಿಡಲ್ಲ.

ಬೂತಾಯಿಯ ಕಥೆ ಗೊತ್ತಲ್ಲ. 2012ರಲ್ಲಿ ಕೇರಳಕ್ಕೆ ಬಿದ್ದ ಬೂತಾಯಿ ಸುಮಾರು 3.9 ಲಕ್ಷ ಟನ್. 2021ರಲ್ಲಿ 3,297 ಟನ್. ನೂರು ಇದ್ದದ್ದು ಒಂದಕ್ಕೂ ಕಮ್ಮಿ. ಸಮುದ್ರದ ಬಿಸಿ, ಎಲ್ ನಿನೊ ಇವೆಲ್ಲ ಕಾರಣ ಹೌದು, ಪೂರ್ತಿ ತಪ್ಪು ಬಲೆಯದ್ದಲ್ಲ. ಆದರೆ ಕಷ್ಟದ ವರ್ಷದಲ್ಲಿ ಮರಿಮೀನನ್ನೂ ಬಾಚಿದರೆ ಚೇತರಿಕೆ ಹೇಗೆ? ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14 ಸೆಂಟಿಮೀಟರ್‌ಗಿಂತ ಸಣ್ಣದು ಹಿಡಿಯಬಾರದು ಅಂತ ಕೇರಳ ನಿಯಮ ಮಾಡಿದೆ. ನಿಯಮ ಒಳ್ಳೆಯದೇ. ಆದರೆ ಸಣ್ಣ ಮೀನನ್ನು ಬುಟ್ಟಿಯಲ್ಲಲ್ಲ, ಲಾರಿಯಲ್ಲಿ ಕೊಳ್ಳುವ ಮೀನುಹುಡಿ ಕಾರ್ಖಾನೆಗಳು ಇದೇ ಕರಾವಳಿಯಲ್ಲಿ ಇರುವಾಗ ಅಳತೆಪಟ್ಟಿ ಹಿಡಿದ ಇನ್‌ಸ್ಪೆಕ್ಟರ್ ಎಷ್ಟು ದಡ ಕಾಯುತ್ತಾನೆ?

ಹಿಡಿಯುವುದನ್ನು ನಿಲ್ಲಿಸಲು ಯಾರ ಮಾತು ನಡೆಯುತ್ತದೆ ಅನ್ನುವುದು ಪ್ರಶ್ನೆ. ನಮ್ಮ ಕರಾವಳಿಯಲ್ಲಿ ಒಂದು ಕಾಲಕ್ಕೆ ಅದಕ್ಕೂ ಉತ್ತರ ಇತ್ತು. ಕಾಸರಗೋಡು, ಕಣ್ಣೂರಿನ ಕಡಪ್ಪುರಗಳಲ್ಲಿ 'ಕಡಕ್ಕೋಡಿ' ಅಂದರೆ ಕಡಲ ನ್ಯಾಯಾಲಯ. ಭಗವತಿ ದೇವಸ್ಥಾನದ ಮುಂದೆ ಹಿರಿಯರು ಕೂತು, ಯಾವ ಬಲೆ ಬೇಡ, ಜಗಳದಲ್ಲಿ ಯಾರ ತಪ್ಪು ಅಂತ ತೀರ್ಮಾನ ಹೇಳುತ್ತಿದ್ದರು. ಅದರ ಮಾತಿಗೆ ತೂಕ ಇತ್ತು. ಇನ್ನು ರಂಪಣಿ. 1956ರ ತನಕ ಕಾಸರಗೋಡು ಸೇರಿದ್ದ ದಕ್ಷಿಣ ಕನ್ನಡದ ಕಡಲ ತೀರದಲ್ಲಿ ಒಂದೊಂದು ರಂಪಣಿಯಲ್ಲೂ ಹತ್ತಾರು ಪಾಲುದಾರರು. ಬಲೆಯ ತುಂಡು ತಂದವನಿಗೂ ಪಾಲು, ಹಗ್ಗ ಎಳೆದವನಿಗೂ ಪಾಲು. ರಿಜಿಸ್ಟ್ರಾರ್ ಸಹಿ ಇಲ್ಲದ ಸಹಕಾರಿ ಸಂಘ ಅದು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟು ಬಂದು, ದಡಕ್ಕೆ ಬರುವ ಮೊದಲೇ ಬಂಗುಡೆಯ ಹಿಂಡನ್ನು ಸುತ್ತಿಕೊಂಡಿತು, ರಂಪಣಿಯ ಬಾಗಿಲು ಮುಚ್ಚಿತು. ಹಳೆಯದನ್ನು ಹೊಗಳಿ ಕಣ್ಣೀರು ಹಾಕುವುದು ನಮ್ಮ ಉದ್ದೇಶ ಅಲ್ಲ. ಕಡಕ್ಕೋಡಿಯಲ್ಲಿ ಹೆಂಗಸರಿಗೆ ಮಾತಿರಲಿಲ್ಲ, ಬೇರೆ ಜಾತಿಗೆ ಜಾಗವಿರಲಿಲ್ಲ. ಆದರೆ ಒಂದು ಮಾತು ಗಮನಿಸಿ. ಕಡಕ್ಕೋಡಿಯ ಕೈಯಲ್ಲಿ ಕಟ್ಟಳೆ ಇತ್ತು, ಗಲ್ಲಾಪೆಟ್ಟಿಗೆ ಇರಲಿಲ್ಲ. ಈಗಿನ ಸಂಘದ ಕೈಯಲ್ಲಿ ಗಲ್ಲಾಪೆಟ್ಟಿಗೆ ಇದೆ, ಕಟ್ಟಳೆ ಇಲ್ಲ.

ಎರಡೂ ಒಂದೇ ಕೈಯಲ್ಲಿ ಇದ್ದರೆ ಏನಾಗುತ್ತದೆ ಅಂತ ನೋಡಲು ಸ್ವಲ್ಪ ದೂರ, ಜಪಾನಿಗೆ ಹೋಗಬೇಕು. ಅಲ್ಲಿ 1948-49ರ ಕಾಯ್ದೆಗಳು ದಂಡೆಯ ಹತ್ತಿರದ ಮೀನುಗಾರಿಕೆ ಹಕ್ಕನ್ನು ಊರಿನ ಸಹಕಾರಿ ಸಂಘಗಳಿಗೇ ಕೊಟ್ಟವು. ಫ್ಯೂಜಿ ಬೆಟ್ಟದ ಕೆಳಗೆ ಸುರುಗ ಕೊಲ್ಲಿ ಇದೆ. ಅಲ್ಲಿ ಸಕುರಾಎಬಿ ಎಂಬ ಗುಲಾಬಿ ಬಣ್ಣದ ಪುಟ್ಟ ಸಿಗಡಿ ಸಿಗುತ್ತದೆ. ಹಗಲು ಆಳದಲ್ಲಿರುವ ಇದು ರಾತ್ರಿ ಮೇಲೆ ಬರುತ್ತದೆ. 1894ರಲ್ಲಿ ಬೇರೆ ಮೀನು ಹಿಡಿಯಲು ಹೋದವರ ಬಲೆ ಅಕಸ್ಮಾತ್ ಆಳಕ್ಕೆ ಇಳಿದು ಇದು ಸಿಕ್ಕಿತಂತೆ. ಇದನ್ನು ಹಿಡಿಯಲು ಯುಯಿ, ಕಂಬರಾ, ಓಯಿಗಾವಾ ಎಂಬ ಮೂರು ಕಡೆಯ ಸುಮಾರು 120 ದೋಣಿಗಳಿಗೆ ಮಾತ್ರ ಪರವಾನಗಿ. ಎರಡೆರಡು ದೋಣಿ ಸೇರಿ ಒಂದು ಬಲೆ ಎಳೆಯುತ್ತವೆ.

1960ರ ದಶಕದ ತನಕ ಅಲ್ಲಿಯೂ ನಮ್ಮ ಹಾಗೇ ಓಟ. ಎಲ್ಲರೂ ಒಂದೇ ರಾತ್ರಿ ತುಂಬಿಸಿ ತಂದರೆ ಬೆಳಿಗ್ಗೆ ಬೆಲೆ ಮಣ್ಣುಪಾಲು. ಆ ದಶಕದ ಕೊನೆಗೆ ಯುಯಿಯವರು ಒಂದು ಪ್ರಯೋಗ ಶುರು ಮಾಡಿದರು, 70ರ ದಶಕದಲ್ಲಿ ಮೂರೂ ಕಡೆಯವರು ಸೇರಿಕೊಂಡರು. ಎಲ್ಲ ದೋಣಿಗಳ ಮಾರಾಟದ ಹಣ ಒಂದೇ ಪೆಟ್ಟಿಗೆಗೆ. ಖರ್ಚು ಕಳೆದು, ಮೊದಲೇ ಒಪ್ಪಿದ ಲೆಕ್ಕದಲ್ಲಿ ದೋಣಿಯವರಿಗೂ ಆಳುಗಳಿಗೂ ಸಮ ಪಾಲು. ಇವತ್ತು ನೀನು ಹೆಚ್ಚು ಹಿಡಿದೆಯಾ, ನಾನು ಹಿಡಿದೆನಾ ಅನ್ನುವುದಕ್ಕೆ ಬೆಲೆಯೇ ಇಲ್ಲ. ಪ್ರತಿ ದಿನ ಅವರದೇ ಸಮಿತಿ ಕೂತು ಇವತ್ತು ಹೋಗಬೇಕಾ, ಎಷ್ಟು ಹಿಡಿಯಬೇಕು, ಯಾರು ಎಲ್ಲಿ ಬಲೆ ಬಿಡಬೇಕು ಅಂತ ಹೇಳುತ್ತದೆ. ಪೇಟೆ ತಡೆದುಕೊಳ್ಳುವಷ್ಟು ಮಾತ್ರ ತರುತ್ತಾರೆ. ವಸಂತದಲ್ಲಿ ಒಂದು ಸೀಸನ್, ಚಳಿಗೆ ಮುಂಚೆ ಒಂದು ಸೀಸನ್, ಮೊಟ್ಟೆಯಿಡುವ ಬೇಸಿಗೆಯಲ್ಲಿ ರಜೆ.

ವಾಣಿಜ್ಯ ಓದಿದ ಗೆಳೆಯರಿಗೆ ಕೂಡಲೇ ಒಂದು ಅನುಮಾನ ಬರಬೇಕು. ಸಮ ಪಾಲು ಅಂದರೆ ಸೋಮಾರಿಗೆ ಹಬ್ಬ ಅಲ್ಲವಾ? ಎಲ್ಲರೂ ಒಂದೇ ನೀರಿನಲ್ಲಿ, ಒಬ್ಬರ ಕಣ್ಣೆದುರು ಒಬ್ಬರು ಬಲೆ ಎಳೆಯುವಾಗ ಸೋಮಾರಿತನ ಅಡಗಿಸುವುದು ಕಷ್ಟ. ಚೆನ್ನಾಗಿ ಹಿಡಿಯುವವನಿಗೆ ಮರ್ಯಾದೆ ಉಳಿಯುತ್ತದೆ, ಹಣ ಮಾತ್ರ ಸಮ. ಹೊರಗಿನವನು ಬರುವಂತಿಲ್ಲ, ಆದ್ದರಿಂದ ಇವತ್ತು ಬಿಟ್ಟದ್ದು ನಾಳೆ ತಮಗೇ. ಇದೇ ಪದ್ಧತಿಯನ್ನು ಸಾವಿರಾರು ದೋಣಿಗಳ, ಎರಡು ರಾಜ್ಯದ ಗಡಿ ದಾಟಿ ಓಡುವ ಬಂಗುಡೆಗೆ ಹಚ್ಚಿದರೆ ನಡೆಯುತ್ತದೆ ಅಂತ ನಾವು ಹೇಳುವುದಿಲ್ಲ, ನಡೆಯಲ್ಲ. ಸುರುಗದವರಿಗೂ ಎಲ್ಲ ಸುಸೂತ್ರ ಅಲ್ಲ. 2018ರಲ್ಲಿ ಸಿಗಡಿ ತೀರಾ ಕಮ್ಮಿಯಾಯಿತು, ಆ ವರ್ಷದ ಎರಡನೇ ಸೀಸನ್ನಿನಲ್ಲಿ ಹಿಡಿಯುವುದನ್ನೇ ಬಿಟ್ಟರು. ನದಿಯಿಂದ ಬರುವ ಕೆಸರು ಕಾರಣವಾ, ಸಮುದ್ರದ ಬದಲಾವಣೆಯಾ ಅಂತ ಅಲ್ಲಿ ಚರ್ಚೆ ಎದ್ದಿತು. ಆದರೆ ಒಬ್ಬರೂ ಕದ್ದು ಹೋಗದೆ 120 ದೋಣಿಗಳನ್ನು ದಡದಲ್ಲಿ ನಿಲ್ಲಿಸಲು ಅವರಿಗೆ ಸಾಧ್ಯವಾಯಿತಲ್ಲ, ಆ ಶಕ್ತಿ ಒಂದೇ ಪೆಟ್ಟಿಗೆಯಿಂದ ಬಂದದ್ದು.

ಪೆಟ್ಟಿಗೆ ಒಂದೇ ಆದರೆ ಜಗಳವೂ ಅಲ್ಲಿಗೇ ಬರುತ್ತದೆ ಅನ್ನುವುದಕ್ಕೆ ಅಲಾಸ್ಕಾದ ಚಿಗ್ನಿಕ್ ಸಾಕ್ಷಿ. ಅಲ್ಲಿ ಸಾಲ್ಮನ್ ಹಿಡಿಯಲು ಸುಮಾರು 100 ಪರವಾನಗಿ. 2002ರಲ್ಲಿ 77 ಜನ ಸೇರಿ ಸಹಕಾರಿ ಮಾಡಿದರು, ಸರ್ಕಾರ ಅವರಿಗೆ ಮೀನಿನ ಒಂದು ಪಾಲು ಬಿಟ್ಟುಕೊಟ್ಟಿತು. ಅಷ್ಟು ಮೀನಿಗೆ ಇಪ್ಪತ್ತು ಚಿಲ್ಲರೆ ದೋಣಿ ಸಾಕು ಅಂತ ಉಳಿದವರು ದಡದಲ್ಲೇ ಕೂತರು, ಪಾಲು ಮನೆಗೆ ಬಂತು. ಖರ್ಚು ಇಳಿಯಿತು, ಮೀನಿನ ಗುಣಮಟ್ಟ ಏರಿತು. ಸೇರದೆ ಇದ್ದವರು ಕೋರ್ಟಿಗೆ ಹೋದರು: ಕಡಲಿಗೆ ಇಳಿಯದವನಿಗೆ ಮೀನಿನ ದುಡ್ಡು ಯಾಕೆ? 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು, ಸಹಕಾರಿ ಮುಚ್ಚಿತು. ಲೆಕ್ಕದಲ್ಲಿ ಸರಿ, ಹಕ್ಕಿನಲ್ಲಿ ಸೋಲು.

ಜತ್ತ, ಸೊಲ್ಲಾಪುರ, ರಾಯದುರ್ಗ ಕಡೆಯ ಗೆಳೆಯರೇ, ನಿಮ್ಮಲ್ಲಿ ಕಡಲಿಲ್ಲ, ಕೆರೆ ಮತ್ತು ಜಲಾಶಯ ಇವೆ. ಅಲ್ಲಿ ಹಕ್ಕಿನ ಪ್ರಶ್ನೆ ಇನ್ನೂ ನೇರ. ಮಧ್ಯಪ್ರದೇಶದ ತವಾ ಅಣೆಕಟ್ಟಿನಲ್ಲಿ ಊರು ಮುಳುಗಿ ಒಕ್ಕಲೆದ್ದ ಆದಿವಾಸಿಗಳು ಹೋರಾಡಿ 1996ರಲ್ಲಿ ತವಾ ಮತ್ಸ್ಯ ಸಂಘ ಕಟ್ಟಿ ಮೀನಿನ ಹಕ್ಕು ಪಡೆದರು. ಐದು ವರ್ಷದ ಗುತ್ತಿಗೆ, ಮತ್ತೆ ಐದು ವರ್ಷ. ತಾವೇ ಮರಿ ಬಿಟ್ಟರು, ತಾವೇ ಕಾದರು, ತಾವೇ ಮಾರಿದರು. ಜಲಾಶಯ ವನ್ಯಜೀವಿ ಪ್ರದೇಶಕ್ಕೆ ಸೇರಿದೆ ಅಂತ 2006ರ ಕೊನೆಗೆ ಗುತ್ತಿಗೆ ನವೀಕರಣ ಆಗಲಿಲ್ಲ. ಐದು ವರ್ಷದ ಗುತ್ತಿಗೆಯವನು ಹತ್ತು ವರ್ಷದ ಬುದ್ಧಿ ಓಡಿಸಲಾರ. ನಿಮ್ಮ ಊರ ಕೆರೆಯನ್ನು ಸಂಘದ ಹೆಸರಲ್ಲಿ ಯಾರಾದರೂ ಗುತ್ತಿಗೆದಾರ ನಡೆಸುತ್ತಿದ್ದರೆ, ಅಲ್ಲಿ ಸಂಘ ಇದೆ ಅಂತ ಎಣಿಸಲೇಬೇಡಿ.

ಮತ್ತೆ ಮಂಜೇಶ್ವರಕ್ಕೆ ಬರೋಣ. ಅಪ್ಪನ ಪಾಸ್‌ಬುಕ್ಕು ಯಾವ ಭಾಷೆಯಲ್ಲಿದೆ ನೋಡಿದ್ದೀರಾ? ಬೈಲಾ? ಆಡಿಟ್ ವರದಿ? ಮಲಯಾಳದಲ್ಲಿ ಓದಿ ಹೇಳಲು ಮಗನನ್ನೋ ಮಗಳನ್ನೋ ಕರೆಯುವ ಸದಸ್ಯ ಮಹಾಸಭೆಯಲ್ಲಿ ಪ್ರಶ್ನೆ ಕೇಳುವುದಿಲ್ಲ, ಕೈ ಎತ್ತಿ ಚಹಾ ಕುಡಿದು ಬರುತ್ತಾನೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದ ಜೊತೆ ಕನ್ನಡದಲ್ಲೇ ವ್ಯವಹರಿಸುವ ಅವಕಾಶ ಕೊಟ್ಟಿದೆ. ಸಂಘದ ಬೈಲಾದ ಕನ್ನಡ ಪ್ರತಿ ಬೇಕು ಅಂತ ಮೀನುಗಾರಿಕೆ ಇಲಾಖೆಗೆ ಕನ್ನಡದಲ್ಲೇ ಬರೆಯಿರಿ. ಸದಸ್ಯರಿಗೆ ಅರ್ಥವಾಗದ ಲೆಕ್ಕ ಸಂಘದ್ದಲ್ಲ, ಸೆಕ್ರೆಟರಿಯದು.

ಇದೇ ಮಾತು ನಮ್ಮ ಕಡೆಗೂ ತಿರುಗುತ್ತದೆ. ಕರಾವಳಿಯ ಬೋಟುಗಳಲ್ಲಿ ಈಗ ಬಲೆ ಎಳೆಯುವವರಲ್ಲಿ ಒಡಿಶಾ, ಬಂಗಾಳ, ಜಾರ್ಖಂಡಿನ ಹುಡುಗರು ಎಷ್ಟೊಂದು ಜನ. ಮೇಲೆ ಹೇಳಿದ 37,500ರಲ್ಲಿ ಅವರ ಪಾಲೂ ಇದೆ. ಅವರು ಸಂಘದ ಸದಸ್ಯರಲ್ಲ, ಕಡಿತದ ಚೀಟಿ ಅವರ ಕೈಗೆ ಬರುವುದಿಲ್ಲ, ಬಂದರೂ ಓದಲು ಬರುವುದಿಲ್ಲ. ದಡದಲ್ಲಿ ಬುಟ್ಟಿ ಹೊತ್ತು ಮಾರುವ ನಮ್ಮದೇ ಅಕ್ಕಂದಿರಿಗೂ ಎಷ್ಟೋ ಕಡೆ ಹರಾಜಿನ ಹೊತ್ತಿಗೆ ಬೇಕಾದ 5,000 ರೂಪಾಯಿಗೆ ದಿನಬಡ್ಡಿಯವನೇ ಗತಿ. ಬೈಲಾ ತಿದ್ದುವ ಮಾತು ಬಂದರೆ ಇವರಿಬ್ಬರ ವಿಷಯವೂ ಬರಬೇಕು. ನಮ್ಮ ಪುಟದ ಓದುಗರಲ್ಲೇ ಕೆಲವರಿಗೆ ಇದು ಇಷ್ಟವಾಗಲ್ಲ ಅಂತ ಗೊತ್ತು.

ಸದ್ಯಕ್ಕೆ ಒಂದು ಕೆಲಸ. ಮನೆಯಲ್ಲಿ ದೋಣಿ ಇರುವವರು, ಆಳಾಗಿ ಹೋಗುವವರು, ಒಂದು ತಿಂಗಳ ಹರಾಜಿನ ಚೀಟಿ ಕೂಡಿಸಿ. ಒಟ್ಟು ಮಾರಾಟ ಎಷ್ಟು, ಕಮಿಷನ್ ಎಷ್ಟು, ಮುಂಗಡ ಎಷ್ಟು ಬಾಕಿ, ಅದೇ ದಿನ ಸಾಲ ಇಲ್ಲದವನ ಬುಟ್ಟಿ ಎಷ್ಟಕ್ಕೆ ಹೋಯಿತು. ಈ ನಾಲ್ಕು ಅಂಕಿ ಕಳಿಸಿ, ಬಡ್ಡಿ ಎಷ್ಟು ಬೀಳುತ್ತಿದೆ ಅಂತ ನಾವು ಲೆಕ್ಕ ಹಾಕಿ ಕೊಡುತ್ತೇವೆ. ಹೆಸರು ಬೇಡ, ದೋಣಿ ನಂಬರೂ ಬೇಡ.